ಗೋಡೆ ದಾಟಿದ ಹೆಜ್ಜೆಗಳು

ಪಡಿಯೂರಿನಲ್ಲಿ ನನ್ನ ಅತ್ತೆ ಮೂರನೆಯ ವರ್ಷವೇ ತೀರಿಕೊಂಡರು. ಜಿಲ್ಲಾ ಕೇಂದ್ರದ ಪರೀಕ್ಷಾ ಕೋಣೆಯಲ್ಲಿ ಕುಳಿತು ಅದನ್ನು ಕಣ್ಣಾರೆ ನೋಡಿ ಬಂದೆ. ಮನೆಗೆ ಬಂದು ಹೇಳಿದರೆ, ಅತ್ತೆ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, "ಏನಾಗಿತ್ತಂತ ನನಗ?" ಎಂದು ಪಕ್ಕದೂರಿನ ಯಾರದೋ ಸುದ್ದಿ ವಿಚಾರಿಸಿದ ಹಾಗೆ ಕೇಳಿದರು.

"ಜ್ವರ ಬಂದಿತ್ರಿ ಅತ್ತಿ."

"ಬರೇ ಜ್ವರಕ್ಕ ಸಾಯ್ತೀನೇನ ನಾ? ಮೆಹಬೂಬಿ ಬರ್ಲಿಲ್ಲೇನು?"

"ಬರ್ಲಿಲ್ಲ. ಯಾರೂ ಬರ್ಲಿಲ್ಲ. ಮೂರು ವರ್ಷದಾಗ ನಮ್ಮ ಮನಿಗೆ ಒಬ್ಬರೂ ಕಾಲಿಡ್ಲಿಲ್ಲ."

ಅತ್ತೆಗೆ ಸಾವಿನ ಸುದ್ದಿಗಿಂತ ಈ ಮಾತೇ ಹೆಚ್ಚು ಚುಚ್ಚಿತು. "ಅದ್ಯಾವ ದರಿದ್ರ ಊರವಾ ಅದು? ಹೆಣಾ ಎತ್ತಾಕರ ಬಂದ್ರೋ ಇಲ್ಲೋ?"

ಅಷ್ಟರಲ್ಲಿ ಮೆಹಬೂಬಿ ಮಾಳಿಗೆಯ ನಿಚ್ಚಣಿಕೆಯಿಂದ ಇಳಿದು ಬಂದಳು. ನಮ್ಮಿಂದ ಒಂಬತ್ತು ಮನೆ ಆಚೆಗೆ ಇರುವ ನಿವೃತ್ತ ನರ್ಸ್. ಕೈಯಲ್ಲಿ ಶೇಂಗಾ ಹಿಂಡಿಯ ಬಟ್ಟಲು. ವಿಷಯ ತಿಳಿದು, "ನಾ ಏನ್ ಮಾಡಾಕತ್ತಿದ್ನಿ ಅಲ್ಲಿ?" ಎಂದಳು.

"ನಿಮ್ಮ ಮನ್ಯಾಗ ಸುಮ್ಮ ಕುಂತಿದ್ರಿ."

"ಮೂರು ವರ್ಷ?"

"ಮೂರು ವರ್ಷ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಲವತ್ತು ದಿನಕ್ಕೆ ಇನ್ನೊಂದು ಪರೀಕ್ಷೆ, ಅದರಲ್ಲೂ ಸೋತರೆ ಈ ಓಣಿಯೇ ಇರುವುದಿಲ್ಲ ಎಂಬುದನ್ನು ಇವರಿಗೆ ಇನ್ನೂ ಹೇಳಿರಲಿಲ್ಲ.

ನಾನು ಇರಾವತಿ ಬಳಿಗಾರ, ಸಾವಳಗುಂದಿ ಪುರಸಭೆಯ ಯೋಜನಾಧಿಕಾರಿ. ನನ್ನ ಬಾಯಿ ಜೋರು ಎಂದು ಊರಿನವರು ಹೇಳುತ್ತಾರೆ. ಜೋರಿಲ್ಲದ ಬಾಯಿ ಇಟ್ಟುಕೊಂಡು ಪುರಸಭೆಯಲ್ಲಿ ಇಪ್ಪತ್ತೆರಡು ವರ್ಷ ನೌಕರಿ ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ.

ಕಾಯ್ದೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ರಾಜ್ಯದ ವಸತಿ ಖಾತ್ರಿ ಕಾಯ್ದೆಯ ಪ್ರಕಾರ ಪ್ರತಿ ಊರೂ ಎಂಟು ವರ್ಷಕ್ಕೊಮ್ಮೆ ತನ್ನ ನೆಲದ ನಕ್ಷೆ ಕೊಡಬೇಕು. ಮುಂದಿನ ಮೂವತ್ತು ವರ್ಷ ಇಲ್ಲಿ ಯಾರು ಎಲ್ಲಿ ಇರುತ್ತಾರೆ, ಇನ್ನೂ ಹುಟ್ಟದವರಿಗೆ ಮನೆ ಎಲ್ಲಿ, ಬೆಂಕಿ ಬಿದ್ದರೆ ಹೊರಗೆ ಹೋಗುವ ಹಾದಿ ಯಾವುದು, ಎಲ್ಲ ತೋರಿಸಬೇಕು. ಈ ಕಾಯ್ದೆಯನ್ನು ನಾನು ಬೈಯುವುದಿಲ್ಲ. ಅದು ಬರುವ ಮೊದಲು ಕೆರೆಯ ಮೇಲೆ ಲೇಔಟ್ ಮಾಡಿ, ನಾಲೆಯ ಮೇಲೆ ಕಲ್ಯಾಣ ಮಂಟಪ ಕಟ್ಟಿ, ಮಳೆ ಬಂದಾಗ ದೇವರಿಗೆ ಕೈ ಮುಗಿಯುತ್ತಿದ್ದವರು ನಾವೇ.

ನಕ್ಷೆ ಸರಿಯೋ ತಪ್ಪೋ ಎಂದು ನೋಡುವುದು ಪಡಿಯೂರು. ಅದು ಯಂತ್ರದೊಳಗಿನ ಊರು. ನಮ್ಮ ಊರಿನ ಒಂದೊಂದು ಮನೆಗೂ ಅಲ್ಲೊಂದು ಮನೆ, ಒಬ್ಬೊಬ್ಬರಿಗೂ ಒಬ್ಬ ಪಡಿಮನುಷ್ಯ. ಅವರು ಹೇಗೆ ಬದುಕಬೇಕೆಂದು ಯಂತ್ರ ನಮ್ಮಿಂದಲೇ ಕಲಿಯುತ್ತದೆ. ಪ್ರತಿಯೊಬ್ಬರೂ ಒಂದು ಫಾರಂ ತುಂಬಬೇಕು, ಹದಿನಾಲ್ಕು ದಿನ ಕಾಲಿಗೆ ಹೆಜ್ಜೆಮಣಿ ಕಟ್ಟಿಕೊಳ್ಳಬೇಕು. ಆ ಮಣಿ ನಾವು ಎಲ್ಲಿಂದ ಎಲ್ಲಿಗೆ ನಡೆದೆವೆಂದು ಬರೆದಿಡುತ್ತದೆ, ಗಾಳಿಯ ಒತ್ತಡದಿಂದ ಎತ್ತರವನ್ನೂ ಅಳೆಯುತ್ತದೆ. ಆಮೇಲೆ ಪಡಿಯೂರನ್ನು ಓಡಲು ಬಿಡುತ್ತಾರೆ. ಐವತ್ತು ನಿಮಿಷದಲ್ಲಿ ಮೂವತ್ತು ವರ್ಷ. ನಡುವೆ ಯಂತ್ರ ತನ್ನ ಮನಸ್ಸಿಗೆ ಬಂದಾಗ ಜ್ವರ, ಬೆಂಕಿ, ನೆರೆ ತಂದು ಹಾಕುತ್ತದೆ. ಎಂಟು ನಿಮಿಷದೊಳಗೆ ನೆರವು ಸಿಗಬೇಕು, ಹನ್ನೆರಡು ನಿಮಿಷದೊಳಗೆ ಎಲ್ಲರೂ ಅಪಾಯ ದಾಟಬೇಕು, ಕೊನೆಯ ದಿನ ಒಬ್ಬನೂ ಮನೆಯಿಲ್ಲದೆ ಉಳಿಯಬಾರದು.

ನಾವು ಎರಡು ಸಲ ಫೇಲಾಗಿದ್ದೆವು. ಎರಡೂ ಸಲ ಕಾರಣ ಒಂದೇ, ನಮ್ಮ ಕೋಟೆ ಓಣಿ. ಒಂದಕ್ಕೊಂದು ಗೋಡೆ ಹಚ್ಚಿಕೊಂಡ ಸಾವಿರದ ನೂರಾ ನಲವತ್ತು ಮಾಳಿಗೆ ಮನೆಗಳು, ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಸಂದಿಗಳು. ಪಡಿಯೂರಿನ ಕೋಟೆ ಓಣಿ ಎರಡೂ ಸಲ ಹತ್ತೊಂಬತ್ತನೆಯ ವರ್ಷಕ್ಕೆ ಪೂರ್ತಿ ಖಾಲಿಯಾಯಿತು. ಮೂರನೆಯ ಸಲವೂ ಹಾಗಾದರೆ ಎಂಟು ವರ್ಷ ನಮ್ಮ ನೆಲದ ಮೇಲೆ ನಮಗೆ ಮಾತಿಲ್ಲ. ರಾಜ್ಯದ ಸಿದ್ಧನಕ್ಷೆ ಬಂದು ಕೂರುತ್ತದೆ. ಅದರಲ್ಲಿ ಕೋಟೆ ಓಣಿ ಬಯಲು, ನಾವೆಲ್ಲ ಹನ್ನೊಂದು ಕಿಲೋಮೀಟರ್ ಆಚೆ ಹೆದ್ದಾರಿಯ ಮಗ್ಗುಲಿನ ಲೇಔಟಿಗೆ.

ಮೊದಲ ಹತ್ತು ದಿನ ನಾನು ಮಾಡಿದ ಮೂರ್ಖ ಕೆಲಸವನ್ನೂ ಹೇಳಬೇಕು. ಸಂದಿ ಅಗಲ ಮಾಡಿದರೆ ಸರಿಹೋಗುತ್ತದೆ ಎಂದು ಟೇಪು ಹಿಡಿದು ಓಡಾಡಿದೆ. ಪ್ರತಿ ಮನೆಯ ಮುಂಭಾಗ ಆರಡಿ ಕಡಿದರೆ ಆಂಬುಲೆನ್ಸ್ ಬರುತ್ತದೆ, ಆದರೆ ಅವುಗಳ ಪೈಕಿ ಮುನ್ನೂರ ಹತ್ತು ಸಣ್ಣ ಮನೆಗಳಲ್ಲಿ ಆರಡಿ ಹೋದರೆ ಉಳಿಯುವುದು ಹಿತ್ತಲಿನ ಗೋಡೆ ಮಾತ್ರ. "ನಮ್ಮನ್ನ ಉಳಸಾಕ ನಮ್ಮ ಮನೀನ ಕಡೀತೀಯೇನ?" ಎಂದು ಜನ ಮುಖಕ್ಕೆ ಹೇಳಿದರು. ನಾನೂ ಬಿಡಲಿಲ್ಲ, ಚೆನ್ನಾಗಿ ಜಗಳಾಡಿದೆ. ಮನೆಗೆ ಬಂದು ಟೇಪನ್ನು ಮೂಲೆಗೆ ಎಸೆದು ಕಣ್ಣೀರು ಹಾಕಿದೆ.

ಆದರೆ ಅತ್ತೆ ಅಂದ ಮಾತು ತಲೆಯಿಂದ ಹೋಗಲೊಲ್ಲದು. ಮೆಹಬೂಬಿ ಯಾಕೆ ಬರಲಿಲ್ಲ? ಸಂದಿ ಎಷ್ಟೇ ಇಕ್ಕಟ್ಟಿರಲಿ, ಮನುಷ್ಯರು ನಡೆಯುವಷ್ಟು ಜಾಗ ಇದೆಯಲ್ಲ. ಹನ್ನೊಂದನೆಯ ದಿನ ಬೆಳಗಿನ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದೆ.

ಪರೀಕ್ಷಾ ಕೋಣೆಯ ಯಂತ್ರ ನಡೆಸುವವಳು ಜೆಸಿಂತಾ, ಮಂಗಳೂರಿನ ಕಡೆಯವಳು. ನಾನು ಒಳಗೆ ಹೋದದ್ದೇ, "ಎಂತ ಮೇಡಂ, ಪುನಃ ಜಗಳಕ್ಕಾ?" ಎಂದಳು.

"ಜಗಳಕ್ಕ ಅಲ್ಲ. ನನಗ ಮೊದಲನೇ ದಿನ ತೋರಸು. ಮೂವತ್ತು ವರ್ಷ ಬ್ಯಾಡ, ಒಂದ ದಿನ ಸಾಕು, ಸಾವಕಾಶ."

ಅವಳು ತೋರಿಸಿದಳು. ಪಡಿಯೂರಿನ ಕೋಟೆ ಓಣಿಯಲ್ಲಿ ಬೆಳಗಾಯಿತು. ಪಡಿಗಂಡಸರು ಎದ್ದು ಸಂದಿಗೆ ಬಂದರು, ಗಾಡಿ ತೆಗೆದರು, ಕೆಲಸಕ್ಕೆ ಹೋದರು. ಮಕ್ಕಳು ಶಾಲೆಗೆ ಹೋದವು. ಹೆಂಗಸರು ಎದ್ದು ಒಲೆ ಹೊತ್ತಿಸಿದರು. ಅಷ್ಟೇ. ಆಮೇಲೆ ಎರಡು ಸಾವಿರ ಹೆಂಗಸರು ತಂತಮ್ಮ ಮನೆಯೊಳಗೆ ಸಂಜೆಯ ತನಕ ಕುಳಿತೇ ಇದ್ದರು. ಒಬ್ಬಳೂ ಹೊಸ್ತಿಲು ದಾಟಲಿಲ್ಲ. ಪಡಿ ಇರಾವತಿ ಕಚೇರಿಗೆ ಹೋಗಿ ಬಂದು ಗೋಡೆಗೆ ಒರಗಿ ಕುಳಿತಳು.

"ಇವರೆಲ್ಲ ಯಾಕ ಏಳವಲ್ರು?"

"ನೀವೇ ಬರೆದುಕೊಟ್ಟದ್ದಲ್ವಾ ಮೇಡಂ." ಜೆಸಿಂತಾ ಫಾರಂ ತೆರೆದಳು. ಹದಿನಾಲ್ಕನೆಯ ಕಾಲಂ: ದಿನಕ್ಕೆ ಎಷ್ಟು ಸಲ ಬೀದಿಗೆ ಬರುತ್ತೀರಿ? ಕೋಟೆ ಓಣಿಯ ಹೆಂಗಸರೆಲ್ಲ ಬರೆದದ್ದು ಸೊನ್ನೆ. ಎಲ್ಲೋ ಒಬ್ಬಿಬ್ಬರು ಒಂದು. ಅತ್ತೆಯದು ಸೊನ್ನೆ, ಮೆಹಬೂಬಿಯದು ಸೊನ್ನೆ. ನನ್ನದು ಕಚೇರಿಗೆ ಹೋಗುವ ಒಂದು. ನನ್ನದೇ ಅಕ್ಷರ, ನನ್ನದೇ ಸಹಿ.

"ಫಾರಂ ಹೋಗ್ಲಿ. ಹೆಜ್ಜೆಮಣಿ ಕಟ್ಟಿಗೊಂಡಿದ್ವಲ್ಲ? ಅದೇನ್ ಹೇಳ್ತು?"

"ಅದು ಹೊಂದಲಿಲ್ಲ. ನಕ್ಷೆಯಲ್ಲಿ ಇರುವ ದಾರಿಗೆ ಕೂರದ ನಡಿಗೆಯನ್ನು ಯಂತ್ರ ಎತ್ತಿ ಪಕ್ಕಕ್ಕಿಡ್ತದೆ. ನಿಮ್ಮ ಊರಿಂದು ಸುಮಾರು ಉಂಟು ಮಾರಾಯ್ರೆ, ಎರಡು ಲಕ್ಷದ ಇಪ್ಪತ್ತು ಸಾವಿರ. ಎಲ್ಲದಕ್ಕೂ ಒಂದೇ ಚೀಟಿ. ಗೋಡೆ ದಾಟಿದ ದೋಷ."

"ಅಂದ್ರ?"

"ಅಂದ್ರೆ ಮಣಿ ಕಟ್ಟಿಕೊಂಡವರು ಗೋಡೆಯ ಮೂಲಕ ನಡೆದು ಹೋದ ಹಾಗೆ ಕಾಣ್ತದೆ. ಮನುಷ್ಯರು ಗೋಡೆಯ ಮೂಲಕ ಹೋಗ್ಲಿಕ್ಕೆ ಆಗ್ತದಾ? ಹಾಗಾಗಿ ಮಣಿ ಕೆಟ್ಟಿದೆ ಅಂತ ಲೆಕ್ಕ."

"ತೆಗಿ ಅದನ್ನ. ನನ್ನ ನಂಬರಿಂದ ತೆಗಿ."

ಪರದೆಯ ಮೇಲೆ ಒಂದು ಕೆಂಪು ಗೆರೆ ಎದ್ದಿತು. ರವಿವಾರ ಬೆಳಿಗ್ಗೆ ಹತ್ತು ಗಂಟೆ. ನಮ್ಮ ಮನೆಯಿಂದ ಹೊರಟು ಬಡಿಗೇರರ ಗೋಡೆ ದಾಟಿ, ನದಾಫರ ಗೋಡೆ ದಾಟಿ, ಸಾಲಾಗಿ ಒಂಬತ್ತು ಗೋಡೆ ದಾಟಿ ಮೆಹಬೂಬಿಯ ಮನೆಯಲ್ಲಿ ನಿಂತಿತು. ಒಂದೂವರೆ ನಿಮಿಷ. ಪಕ್ಕದಲ್ಲಿ ಸಣ್ಣದಾಗಿ ಎತ್ತರ ಬರೆದಿತ್ತು, ನೆಲದಿಂದ ಹನ್ನೊಂದು ಅಡಿ.

ಹನ್ನೊಂದು ಅಡಿ! ನಾನು ಹಣೆ ಹಣೆ ಬಡಿದುಕೊಂಡೆ. ಅವತ್ತು ಮೆಹಬೂಬಿಯ ಮನೆಗೆ ಹೆಪ್ಪು ಕೇಳಲು ಹೋಗಿದ್ದೆ. ಮಾಳಿಗೆ ಮೇಲಿಂದ. ಎಂದಿನ ಹಾಗೆ.

ನಮ್ಮ ಓಣಿಯ ಹೆಂಗಸರು ಬೀದಿಗೆ ಇಳಿಯುವುದೇ ಕಡಿಮೆ. ಮನೆಗೊಂದು ನಿಚ್ಚಣಿಕೆ, ಹತ್ತಿದರೆ ಮಾಳಿಗೆ, ಮಾಳಿಗೆಗೆ ಮಾಳಿಗೆ ಹೊಂದಿಕೊಂಡಿದೆ. ಸಂದಿ ಅಡ್ಡ ಬಂದಲ್ಲಿ ಚಪ್ಪಡಿ ಕಲ್ಲು ಹಾಸಿದೆ. ಬಾಣಂತಿಗೆ ನೀರೆರೆಯಲು, ಸಂಡಿಗೆ ಹಾಕಲು, ಜಗಳ ಬಿಡಿಸಲು, ಹೆಣ್ಣು ನೋಡಲು, ಎಲ್ಲದಕ್ಕೂ ಮೇಲಿಂದಲೇ ಹೋಗಿ ಬರುತ್ತೇವೆ. ಎರಡು ಮಾಳಿಗೆಗಳ ನಡುವಿನ ಗೋಡೆಯನ್ನು ಮೊಣಕಾಲಿಗಿಂತ ಎತ್ತರ ಯಾರೂ ಏರಿಸುವುದಿಲ್ಲ. ಹೀಗೆಂದು ಎಲ್ಲೂ ಬರೆದಿಲ್ಲ, ಆದರೆ ಅಣ್ಣ ತಮ್ಮ ಕೋರ್ಟಿಗೆ ಹೋಗಿ ಪಾಲಾದಾಗಲೂ ಅದನ್ನು ಏರಿಸಿದವರಿಲ್ಲ. ಗಂಡಸರು ಮೇಲೆ ಬರಬೇಕಾದರೆ ನಿಚ್ಚಣಿಕೆಯ ಬುಡದಲ್ಲಿ ನಿಂತು ಕೂಗಿ, ಉತ್ತರ ಬಂದ ಮೇಲೆ ಹತ್ತುತ್ತಾರೆ. ಇಷ್ಟೆಲ್ಲ ಇದ್ದರೂ ಅದನ್ನು ನಾವು ಯಾರೂ ಹಾದಿ ಎಂದು ಕರೆದಿಲ್ಲ. ಅದು ಮಾಳಿಗೆ. ಬೀದಿಗೆ ಎಷ್ಟು ಸಲ ಬರುತ್ತೀರಿ ಎಂದು ಕೇಳಿದ್ದಕ್ಕೆ ಎರಡು ಸಾವಿರ ಹೆಂಗಸರು ನಿಜವನ್ನೇ ಬರೆದಿದ್ದರು. ಬೇರೆಯವರು ಹೋಗಲಿ, ಊರಿನ ನಕ್ಷೆ ಬರೆಯುವ ನಾನು, ದಿನಾ ಹತ್ತು ಸಲ ಆ ಹಾದಿ ತುಳಿಯುವ ನಾನು ಕೂಡ!

"ಜೆಸಿಂತಾ, ಎಲ್ಲಾನೂ ಒಮ್ಮೆಗೇ ತೋರಸು."

ಎರಡು ಲಕ್ಷದ ಇಪ್ಪತ್ತು ಸಾವಿರ ಕೆಂಪು ಗೆರೆಗಳು ಎದ್ದವು. ಕೋಟೆ ಓಣಿಯ ಮೇಲೆ ಇನ್ನೊಂದು ಓಣಿ ಕಂಡಿತು. ಅದಕ್ಕೆ ಅಡ್ಡಬೀದಿಗಳಿದ್ದವು, ಕೂಡುವ ಚೌಕಗಳಿದ್ದವು, ಕೆಳಗಿನ ಸಂದಿಗಳಿಗಿಂತ ನೆಟ್ಟಗಿತ್ತು, ಅಗಲವಾಗಿತ್ತು. ಜೆಸಿಂತಾ ಬಾಯಿಗೆ ಕೈ ಇಟ್ಟುಕೊಂಡಳು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ನನ್ನನ್ನು ನಾನೇ ಬೈದುಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಖುಷಿಯಿಂದ ನೇರವಾಗಿ ರಾಜ್ಯದ ಪರಿಶೀಲನಾಧಿಕಾರಿ ಅನಂತಶಯನ ಅವರ ಕೋಣೆಗೆ ನುಗ್ಗಿದೆ. ಮೈಸೂರಿನ ಕಡೆಯವರು, ಮೆಲುಮಾತು, ಕಾಯ್ದೆ ಪುಸ್ತಕವನ್ನು ಬಾಯಿಪಾಠ ಮಾಡಿದವರು. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡರು.

"ನೋಡಿ ಮೇಡಂ, ನೀವು ಹೇಳ್ತಿರೋದು ಸುಳ್ಳು ಅಂತ ನಾನು ಅನ್ನಲ್ಲ. ಆದ್ರೆ ಮಾಳಿಗೆ ಅವರವರ ಸ್ವಂತದ್ದು. ಕಾಯ್ದೇಲಿ ರಸ್ತೆ ಅಂದ್ರೆ ಸಾರ್ವಜನಿಕರು ನಡೆಯೋ ಜಾಗ. ನಾಳೆ ಯಾರೋ ಒಬ್ಬರು ಬೀಗ ಹಾಕಿದ್ರೆ ನಿಮ್ಮ ರಸ್ತೆ ಅಲ್ಲಿಗೆ ಮುಗೀತು."

"ಯಾರೂ ಹಾಕಂಗಿಲ್ರಿ."

"ಹಾಗಾದ್ರೆ ಬರೆದುಕೊಡ್ಲಿ. ಸಾವಿರದ ನೂರಾ ನಲವತ್ತು ಮನೆಯೋರೂ ಒಪ್ಪಿಗೆ ಪತ್ರ ಕೊಟ್ರೆ ನಕ್ಷೇಲಿ ರಸ್ತೆ ಅಂತ ತೋರಿಸಬಹುದು. ಒಂದು ಕಡಿಮೆ ಆದ್ರೂ ಆಗಲ್ಲ."

ಇದೇನು ದೊಡ್ಡ ಮಾತು ಎಂದುಕೊಂಡೆ. ಮನೆ ಉಳಿಯುತ್ತದೆ ಎಂದರೆ ಯಾರು ಸಹಿ ಹಾಕುವುದಿಲ್ಲ? ಮರುದಿನ ಸಂಜೆ ನಮ್ಮ ಮಾಳಿಗೆಯ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿ, ಮೊದಲ ಪತ್ರವನ್ನು ಅತ್ತೆಯ ಮುಂದೆ ಹಿಡಿದೆ. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು.

"ನಾ ಸಹಿ ಹಾಕೂದಿಲ್ಲ."

"ಅತ್ತೀ! ಯಾಕ್ರೀ?"

"ರಸ್ತಾ ಅಂತ ಬರದಿ. ರಸ್ತಾ ಆದ್ರ ಯಾರು ಬೇಕಾದವ್ರು ಬರಬೌದು. ನಾಳೆ ಗಂಡಸರು ಇಲ್ಲಿ ಬೀಡಿ ಸೇದಕೊಂತ ನಿಂದರತಾರ, ಬೆಳಕಿಂಡ್ಯಾಗ ಹಣಿಕಿ ಹಾಕತಾರ. ನೆತ್ತಿ ಮ್ಯಾಲಿನ ಸೆರಗು ತೆಗದು ನಾವು ಗಾಳಿಗೆ ಕುಂಡ್ರೂ ಜಾಗಾ ಇದೊಂದ ಐತಿ. ಇದನ್ನೂ ಊರಿಗೆ ಬರದು ಕೊಡಬೇಕೇನ?"

"ಖರೇ ಐತಿ" ಎಂದಳು ಮೆಹಬೂಬಿ. ಒಬ್ಬಳಾದ ಮೇಲೆ ಒಬ್ಬಳು ಅದನ್ನೇ ಹೇಳಿದರು. ನಾನು ಕೂಗಾಡಿದೆ. ಮನೆಯೇ ಹೋದರೆ ಮಾಳಿಗೆ ಎಲ್ಲಿರುತ್ತದೆ, ಹೆದ್ದಾರಿಯ ಮಗ್ಗುಲಲ್ಲಿ ತಗಡಿನ ಶೆಡ್ಡಿನ ಮೇಲೆ ಕೂಡುತ್ತೀರೇನು ಎಂದೆ. ಅತ್ತೆ ಅಲುಗಲಿಲ್ಲ. ಆದರೆ ಅವರ ಕಣ್ಣು ತುಂಬಿತ್ತು. ಮದುವೆಯಾಗಿ ಬಂದ ಹದಿನೇಳರ ಹುಡುಗಿಯಾಗಿ ಅವರು ಇಲ್ಲಿಯೇ ಕುಳಿತು ತವರು ನೆನೆಸಿ ಅತ್ತಿದ್ದರು ಎಂದು ನನಗೆ ಗೊತ್ತಿತ್ತು. ನಾನೂ ಅತ್ತಿದ್ದೆ, ಇದೇ ಮೂಲೆಯಲ್ಲಿ. ನನ್ನ ಕೂಗು ನಿಂತಿತು. ಅವರು ಹೇಳುವುದು ಸರಿಯಾಗಿತ್ತು.

ಅಷ್ಟರಲ್ಲಿ ಕೆಳಗಿನಿಂದ ನನ್ನ ಗಂಡ ಗುರುಪಾದನ ದನಿ ಕೇಳಿತು. "ಮ್ಯಾಲೆ ಬರಾಕತ್ತೀನ್ರೀ! ಒಣಗಿದ ಅರಿವಿ ಬೇಕಾಗೇತಿ!"

"ತಡೀರಿ!" ಎಂದರು ನಲವತ್ತು ಹೆಂಗಸರು ಒಟ್ಟಿಗೆ. ಗಂಡ ತಡೆದ. ಇವರು ಸೆರಗು ಸರಿಮಾಡಿಕೊಂಡು, ಕಾಲು ಮಡಚಿ ಕುಳಿತು, "ಹೂಂ, ಬರ್ರಿ" ಎಂದ ಮೇಲೆ ಆ ಮನುಷ್ಯ ತಲೆ ತಗ್ಗಿಸಿ ಬಂದು, ತನ್ನ ಅಂಗಿ ತೆಗೆದುಕೊಂಡು, ಹಾಗೆಯೇ ಇಳಿದು ಹೋದ.

ನಾನು ಎದ್ದು ನಿಂತೆ. ಪಟ್ಟಣದ ಚೌಕದಲ್ಲಿ ಕೆಂಪು ದೀಪ ಹತ್ತಿದರೂ ನಿಲ್ಲದ ಗಂಡಸರು ಇಲ್ಲಿ ಕಾಣದ ದೀಪಕ್ಕೆ ನಿಲ್ಲುತ್ತಾರೆ. ಇದು ಸಂಚಾರ ನಿಯಮವಲ್ಲದೆ ಇನ್ನೇನು? ಕಾಯ್ದೆಯ ಅರವತ್ತೆರಡನೆಯ ಕಲಂ ನೆನಪಾಯಿತು. ತನ್ನ ಮಿತಿಯೊಳಗಿನ ಯಾವುದೇ ರಸ್ತೆಯಲ್ಲಿ ಯಾರು, ಯಾವಾಗ, ಹೇಗೆ ಹೋಗಬೇಕೆಂದು ಊರಿನ ಸಂಸ್ಥೆಯೇ ನಿಯಮ ಮಾಡಬಹುದು. ದೊಡ್ಡ ಲಾರಿಗಳನ್ನು ಪೇಟೆಗೆ ಬಿಡಬಾರದೆಂದು ಅದೇ ಕಲಂ ಹಿಡಿದು ನಾನೇ ಬರೆದಿದ್ದೆ.

"ಅತ್ತೀ, ನೀವು ಹೇಳ್ರಿ, ನಾ ಬರೀತೀನಿ. ಇಲ್ಲಿ ಹೆಂಗ್ ನಡೀಬೇಕು?"

"ಅದೇನ್ ಹೇಳೂದು? ಎಲ್ಲಾರಿಗೂ ಗೊತ್ತಿದ್ದದ್ದ ಐತಿ."

"ಯಂತ್ರಕ್ಕ ಗೊತ್ತಿಲ್ರಿ. ಹೇಳ್ರಿ."

ಅತ್ತೆ ಹೇಳಿದರು. ಮೊದಮೊದಲು ಸಂಕೋಚದಿಂದ, ಆಮೇಲೆ ದನಿ ಏರಿಸಿ. ಹತ್ತುವವರು ಕೆಳಗೆ ನಿಂತು ಕೂಗಬೇಕು, ಬಾ ಎನ್ನುವ ತನಕ ಕಾಯಬೇಕು. ಗೋಡೆ ಮೊಣಕಾಲು ದಾಟಬಾರದು. ಗಾಲಿ ಇದ್ದದ್ದು ಯಾವುದೂ ಮೇಲೆ ಬರಕೂಡದು. ಬೆಳಕಿಂಡಿಯ ಹತ್ತಿರ ನಿಂತು ಕೆಳಗೆ ನೋಡಬಾರದು. ಸಂಡಿಗೆ, ಮೆಣಸಿನಕಾಯಿ ಏನೇ ಹರವಿದರೂ, ಮೇಲೆ ಏನೇ ಕಟ್ಟಿದರೂ ಎರಡು ಮಾರು ಹಾದಿ ಬಿಡಬೇಕು. ಸುಮ್ಮನೆ ನಿಂತು ಹರಟುವ ಹಕ್ಕು ಹೆಂಗಸರಿಗೆ ಮಾತ್ರ. ಇದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಬೆಂಕಿ ಬಿದ್ರ? ಯಾರಿಗರ ಜ್ವರಾ ಬಂದ್ರ?" ಎಂದಳು ಮೆಹಬೂಬಿ.

"ಆವಾಗ ಕೂಗೂದು ಬ್ಯಾಡ, ಕಾಯೂದು ಬ್ಯಾಡ. ಯಾರ್ ಬೇಕಾದವ್ರು ಓಡಿ ಬರ್ಲಿ" ಎಂದರು ಅತ್ತೆ. "ಈಗ ತಾ ಇಲ್ಲಿ ಪೆನ್ನು."

ಎಂಟು ದಿನದಲ್ಲಿ ಸಾವಿರದ ನೂರಾ ನಲವತ್ತು ಪತ್ರಗಳು ಬಂದವು. ಮನೆ ಗಂಡಸರ ಹೆಸರಿನಲ್ಲಿದ್ದಲ್ಲಿ ಹೆಂಗಸರು ಹೇಗೆ ಸಹಿ ಹಾಕಿಸಿದರೋ ನಾನು ಕೇಳಲು ಹೋಗಲಿಲ್ಲ. ಕೆಲವರ ಮನೆಯಲ್ಲಿ ಎರಡು ದಿನ ಒಲೆ ಹೊತ್ತಲಿಲ್ಲವಂತೆ.

ಅನಂತಶಯನ ಅವರು ನಿಯಮಗಳನ್ನು ಓದಿದರು. ಒಮ್ಮೆ ಓದಿ, ಪುಸ್ತಕ ತೆಗೆದು ಕಲಂ ನೋಡಿ, ಮತ್ತೆ ಓದಿದರು. "'ಕೆಳಗೆ ನಿಂತು ಕೂಗತಕ್ಕದ್ದು, ಉತ್ತರ ಬಂದ ಬಳಿಕವೇ ಹತ್ತತಕ್ಕದ್ದು.' ಇದನ್ನ ಯಾರು ಬರೆದಿದ್ದು?"

"ನಮ್ಮ ಅತ್ತಿ, ಚಂದ್ರವ್ವ ಬಳಿಗಾರ."

"ಮೂವತ್ತು ವರ್ಷದಿಂದ ಇಂಥ ನಿಯಮಗಳನ್ನ ಓದ್ತಾ ಇದ್ದೀನಿ. ಇಷ್ಟು ಸ್ಪಷ್ಟವಾಗಿ ಬರೆದಿದ್ದು ನೋಡಿಲ್ಲ." ಮುದ್ರೆ ಒತ್ತಿದರು. "ಕಾಯ್ದೆಗೆ ಇದು ವಿರುದ್ಧ ಅಲ್ಲ. ಇನ್ನು ಯಂತ್ರ ಒಪ್ಪಬೇಕು."

ಮೂರನೆಯ ಪರೀಕ್ಷೆಯನ್ನು ಊರಿನಲ್ಲೇ ನಡೆಸಬೇಕೆಂದು ಹಟ ಹಿಡಿದೆ. ಪುರಸಭೆಯ ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದರು. ಬೆಳಿಗ್ಗೆ ಹತ್ತಕ್ಕೆ ಕಾಲಿಡಲು ಜಾಗವಿರಲಿಲ್ಲ, ಹೆಂಗಸರು ಮುಂದೆ, ಗಂಡಸರು ಕಿಟಕಿಯ ಹೊರಗೆ. ಜೆಸಿಂತಾ ಆ ಎರಡು ಲಕ್ಷದ ಇಪ್ಪತ್ತು ಸಾವಿರ ನಡಿಗೆಗಳನ್ನು ವಾಪಸು ಸೇರಿಸಿದ್ದಳು, ಚಂದ್ರವ್ವನ ನಿಯಮಗಳನ್ನೂ ಕಲಿಸಿದ್ದಳು. ಅನಂತಶಯನ ತಲೆಯಾಡಿಸಿದರು. ಪಡಿಯೂರು ಹೊರಟಿತು.

ಈ ಸಲ ಬೆಳಗಾದದ್ದೇ ಹೆಂಗಸರು ಎದ್ದರು. ನಿಚ್ಚಣಿಕೆ ಹತ್ತಿದರು. ಸಭಾಂಗಣದಲ್ಲಿ ಒಂದು ಕೇಕೆ ಎದ್ದಿತು. "ಅಲ್ನೋಡ್ರೇ, ನಾನ ಅಕಿ! ಮುಂಜಾನೆದ್ದು ಬ್ಯಾರೇವರ ಮನಿಗೆ ಹೊಂಟೀನಿ!" ಎಂದು ಯಾರೋ ಕೂಗಿದರು.

ಮೂರನೆಯ ವರ್ಷ ಜ್ವರ ಬಂತು. ಪಡಿ ಚಂದ್ರವ್ವ ಮಲಗಿದರು. ಪಡಿ ಮೆಹಬೂಬಿ ಎದ್ದಳು, ಹತ್ತಿದಳು, ಒಂಬತ್ತು ಮೊಣಕಾಲ ಗೋಡೆ ದಾಟಿ ಇಳಿದಳು. ಒಂದೂವರೆ ನಿಮಿಷ. ನಾಲ್ಕನೆಯ ದಿನ ಚಂದ್ರವ್ವ ಎದ್ದು ಕುಳಿತರು. ನಿಜವಾದ ಮೆಹಬೂಬಿ ಸಭೆಯ ನಡುವೆ ನಿಂತು ಸುತ್ತಲೂ ಸಲಾಮು ಮಾಡಿದಳು.

ಹನ್ನೊಂದನೆಯ ವರ್ಷ ಮೋಡ ಒಡೆದು ಮಳೆ ಸುರಿಯಿತು. ಕೆಳಗಿನ ಸಂದಿಗಳಲ್ಲಿ ಎದೆಮಟ್ಟ ನೀರು. ಮೇಲೆ ಜನ ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿ ದಿಬ್ಬಕ್ಕೆ ಮುಟ್ಟಿಸಿದರು. ಒಂಬತ್ತು ನಿಮಿಷ. ಹದಿನೇಳನೆಯ ವರ್ಷ ಬಡಿಗೇರರ ಅಂಗಡಿಯಿಂದ ಬೆಂಕಿ. ಹಿಂದೆ ಎರಡು ಸಲವೂ ನಾವು ಸೋತದ್ದು ಬೆಂಕಿಯಲ್ಲೇ. ಯಾರೂ ಕೂಗಲಿಲ್ಲ, ಯಾರೂ ಕಾಯಲಿಲ್ಲ, ಗಂಡಸರು ಹೆಂಗಸರು ಒಟ್ಟಿಗೆ ನಿಚ್ಚಣಿಕೆ ಏರಿ ಓಡಿದರು. ಏಳು ನಿಮಿಷಕ್ಕೆ ಓಣಿಯ ಕಟ್ಟಕಡೆಯ ಮುದುಕ ಕೂಡ ಹೊರಗಿದ್ದ. ಹತ್ತೊಂಬತ್ತನೆಯ ವರ್ಷ ಬಂತು, ಓಣಿ ತುಂಬಿತ್ತು. ನಾನು ಅತ್ತೆಯ ಕೈ ಹಿಡಿದುಕೊಂಡೆ.

ಇಪ್ಪತ್ತೆರಡರಲ್ಲಿ ಪರದೆಯ ಮೂಲೆಯ ಒಂದು ಅಂಕಿ ಏರತೊಡಗಿತು. ಮನೆಯಿಲ್ಲದ ಕುಟುಂಬಗಳು: ಹನ್ನೆರಡು. ತೊಂಬತ್ತು. ಇನ್ನೂರ ಹತ್ತು. ಜನ ಸಾಯದೆ ಉಳಿದರು, ಓಣಿ ಬಿಡದೆ ಉಳಿದರು, ಮಕ್ಕಳು ಮದುವೆಯಾದರು, ಮನೆ ಎಲ್ಲಿಂದ ಬರಬೇಕು? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಊರು ಬದುಕಿದ್ದಕ್ಕೇ ಊರು ಫೇಲಾಗುತ್ತಿತ್ತು. ನಾನೂರು. ಅನಂತಶಯನ ಕಣ್ಣು ತಗ್ಗಿಸಿದರು.

ಆಗ ಬಡಿಗೇರರ ಮಾಳಿಗೆಯ ಮೇಲೆ ಒಂದು ಚಿಕ್ಕ ಮನೆ ಎದ್ದಿತು.

"ಯಾರ್ ಕಟ್ಟಿದ್ರ ಅದನ್ನ? ನೀ ಕಟ್ಟಿದೇನ?" ಎಂದೆ ಜೆಸಿಂತಾಳಿಗೆ.

"ನಾನಲ್ಲ ಮೇಡಂ! ಪಡಿಮಂದಿಯೇ ಕಟ್ಟುವುದು. ರಸ್ತೆಗೆ ಬಾಗಿಲು ಇದ್ರೆ ಮನೆ ಕಟ್ಟಬಹುದು ಅಂತ ಕಾಯ್ದೆಯಲ್ಲಿ ಉಂಟಲ್ವಾ? ಈಗ ಮೇಲೆಯೂ ರಸ್ತೆ ಉಂಟು!"

ಒಂದರ ಪಕ್ಕ ಇನ್ನೊಂದು, ನದಾಫರ ಮೇಲೆ, ನಮ್ಮ ಮೇಲೆ. ಒಬ್ಬ ಪುಣ್ಯಾತ್ಮ ಹಾದಿಗೆ ಅಡ್ಡ ಗೋಡೆ ಎಬ್ಬಿಸಿದ. ಅತ್ತೆ ಎದ್ದು ನಿಂತು, "ಎರಡ ಮಾರ ಬಿಡೋ ಮೂಳಾ!" ಎಂದು ಪರದೆಗೆ ಕೂಗಿದರು. ಪಡಿಯೂರಿನ ಹೆಂಗಸರು ಅದೇ ನಿಯಮ ತೋರಿಸಿ ಅವನಿಂದ ಗೋಡೆ ಕೆಡವಿಸಿದರು. ಇಲ್ಲಿ ಸಭಾಂಗಣದ ಹೆಂಗಸರು ಸಿಳ್ಳೆ ಹೊಡೆದರು. ಇವರಿಗೆ ಸಿಳ್ಳೆ ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಅಂಕಿ ಇಳಿಯಿತು. ಇನ್ನೂರು. ಅರವತ್ತು. ಮೂವತ್ತನೆಯ ವರ್ಷದ ಕೊನೆಯ ದಿನ ಅದು ಎರಡರಲ್ಲಿ ನಿಂತಿತು. ಕಿಟಕಿಯ ಹೊರಗಿನವರೂ ಒಳಗೆ ತಲೆ ತೂರಿಸಿದರು. ಒಂದಾಯಿತು. ಆಮೇಲೆ ಪರದೆ ಹಸಿರಾಗಿ, ಮೂರು ಪದ ಮೂಡಿತು. ಎಲ್ಲರಿಗೂ ಮನೆ ಇದೆ.

ಆಮೇಲಿನ ಗದ್ದಲ ಹೇಗೆ ಹೇಳಲಿ! ಯಾರು ಯಾರನ್ನು ಅಪ್ಪಿಕೊಂಡರೋ ತಿಳಿಯದು. ಮೆಹಬೂಬಿ ಅತ್ತೆಯನ್ನು ಎತ್ತಿಯೇಬಿಟ್ಟಳು. ಅತ್ತೆ "ಇಳಸು, ಇಳಸು, ಸೊಂಟಾ ಮುರೀತೀ" ಎಂದು ಚೀರುತ್ತಲೇ ನಗುತ್ತಿದ್ದರು. ಜೆಸಿಂತಾ ಯಂತ್ರದ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಅನಂತಶಯನ ಅವರು ಗದ್ದಲದ ನಡುವೆ ಟಿಪ್ಪಣಿ ಬರೆಯುತ್ತ ಕುಳಿತಿದ್ದರು. ಇಣುಕಿ ನೋಡಿದೆ. "ಯಾವ ಊರನ್ನೂ ಅನುತ್ತೀರ್ಣ ಮಾಡುವ ಮೊದಲು, ಯಂತ್ರ ಪಕ್ಕಕ್ಕಿಟ್ಟ ಹೆಜ್ಜೆಗಳನ್ನು ಆ ಊರಿನವರಿಗೆ ತೋರಿಸತಕ್ಕದ್ದು." ಆರು ತಿಂಗಳಲ್ಲಿ ಅದು ಇಡೀ ರಾಜ್ಯಕ್ಕೆ ಆದೇಶವಾಯಿತು. ಇಪ್ಪತ್ತಮೂರು ಊರುಗಳು ತಮ್ಮ ಕಳೆದುಹೋದ ಹಾದಿಗಳನ್ನು ಹುಡುಕಿಕೊಂಡವು. ಜೆಸಿಂತಾಳ ಊರಿನಲ್ಲಿ ಹೆಜ್ಜೆಗಳು ನೀರಿನ ಮೇಲೆ ನಡೆದಿದ್ದವಂತೆ. ನೀರಿಳಿದಾಗ ಮೀನುಗಾರ ಹೆಂಗಸರು ಅಳಿವೆಯ ಮರಳದಿಣ್ಣೆ ದಾಟಿ ಪೇಟೆಗೆ ಹೋಗುತ್ತಾರಂತೆ.

ಮರುವರ್ಷ ಬಡಿಗೇರರ ಮಾಳಿಗೆಯ ಮೇಲೆ ಮೊದಲ ಮನೆ ನಿಜವಾಗಿಯೂ ಎದ್ದಿತು. ಅವರ ತಂಗಿ ರೇಣುಕವ್ವ ಎರಡು ಮಕ್ಕಳೊಂದಿಗೆ ಅಣ್ಣನ ಮನೆಯ ಪಡಸಾಲೆಯಲ್ಲಿ ಪರದೆ ಕಟ್ಟಿಕೊಂಡು ಏಳು ವರ್ಷ ಬಾಳಿದ್ದಳು. ಅವಳಿಗಾಗಿ ಕಟ್ಟಿದ್ದು. ಸಾಮಾನು ತಂದ ಲಾರಿ ಕೋಟೆ ಬಾಗಿಲಲ್ಲೇ ನಿಂತಿತು, ಸಂದಿಯೊಳಗೆ ಬರುವುದಿಲ್ಲವಲ್ಲ. ಅಲ್ಲಿಂದ ಮಾಳಿಗೆ ಮಾಳಿಗೆಗೆ ಒಬ್ಬೊಬ್ಬ ಹೆಂಗಸು ನಿಂತು ಪಾತ್ರೆ, ಹಾಸಿಗೆ, ಮಿಕ್ಸರ್, ಮಕ್ಕಳ ಪಾಟಿಚೀಲ ಎಲ್ಲವನ್ನೂ ಕೈಯಿಂದ ಕೈಗೆ ದಾಟಿಸಿದರು. ಕಪಾಟು ಬಂದಾಗ ಮಾತ್ರ ಆರು ಗಂಡಸರು ಕೆಳಗೆ ನಿಂತು ಕೂಗಿ, ಒಪ್ಪಿಗೆ ಪಡೆದು ಮೇಲೆ ಬಂದರು. ಇಪ್ಪತ್ತು ನಿಮಿಷದಲ್ಲಿ ಮನೆ ತುಂಬಿತು.

ನಾನು ಕರೆಂಟಿನ ಅರ್ಜಿ ಹಿಡಿದುಕೊಂಡು ಹೋಗಿದ್ದೆ. ರೇಣುಕವ್ವ ಹೊಸ ಬಾಗಿಲಿಗೆ ಒರಗಿ ನಿಂತು ಹೆಸರು ಬರೆದಳು, ಮುಂದಿನ ಸಾಲಿಗೆ ಬಂದು ತಡೆದಳು.

"ಅಕ್ಕಾರ, ವಿಳಾಸ ಕೇಳೇತಿ. ಅಣ್ಣನ ಮನಿ ಅಂತ ಬರೀಲೇನು?"

"ಯಾಕ? ನಿನ್ನ ಮನಿ ಇಲ್ಲೇನು?"

ಅವಳು ಹೌದಲ್ಲ ಎನ್ನುವಂತೆ ನನ್ನ ಮುಖ ನೋಡಿದಳು. ಬಗ್ಗಿ, ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದಳು. "ರೇಣುಕವ್ವ ಬಡಿಗೇರ, ಮನಿ ನಂಬರ ಒಂದು, ಮ್ಯಾಲಿನೋಣಿ, ಸಾವಳಗುಂದಿ."